ವ್ಯಂಜನ

ಹತ್ತು ಕಡ್ಡಿಗಳು. ಮೊದಲಿನ ಮೂರು ದಪ್ಪ ಸದ್ದಿಗೆ,
ಕೊನೆಯವೆರಡು ಎಣ್ಣೆಗೆ ಬಿದ್ದ ಬಂಗುಡೆಯ ಚುರ್ರಿಗೆ,
ನಡುವೆ ಇರುವವರೆಲ್ಲ ಮನುಷ್ಯರು.
ಯಾರೂ ಹೇಳಿಕೊಟ್ಟದ್ದಲ್ಲ ಇದನ್ನು.
ಸ್ಟೇಟ್‌ಬ್ಯಾಂಕಿನ ಮೊಬೈಲ್ ಅಂಗಡಿಯ ಸಂಬಳ
ಹನ್ನೊಂದು ತಿಂಗಳು ಉಳಿಸಿ ಕೊಂಡ ಹೆಡ್‌ಫೋನು,
ತೋಟ ಬೆಂಗ್ರೆಯ ನಮ್ಮ ಜಗಲಿ,
ಕರೆಂಟು ಹೋಗದ ರಾತ್ರಿಗಳು,
ಇಷ್ಟರಲ್ಲಿ ಕಲಿತದ್ದು.

ಹಾಡಿಗೆ ಒಂದು ನಮೂನೆ:
ಎರಡು ತುದಿ ಮೇಲೆ, ನಡು ಕೆಳಗೆ,
ಹಗ್ಗಕ್ಕೆ ಒದ್ದೆ ಬೈರಾಸು ಹಾಕಿದ ಹಾಗೆ.
ಆಟಕ್ಕೆ ತದ್ವಿರುದ್ಧ.
ಬಾಂಬು ಎಷ್ಟು ಗುಡುಗಿದರೂ ನನಗೆಂತ?
ಬೇಸು ಪೂರ ಇಳಿಸುವುದು,
ಎರಡು ಸಾವಿರ, ನಾಲ್ಕು ಸಾವಿರದ ಕಡ್ಡಿಗಳನ್ನು
ಸಿಗಡಿಯ ಮೀಸೆಯ ಹಾಗೆ ನಿಲ್ಲಿಸುವುದು.
ಆಗ ಕೇಳುತ್ತದೆ ನೋಡಿ
ತಗಡಿನ ಮೇಲೊಂದು ಹೆಜ್ಜೆ, ಹುಲ್ಲಿನ ಮೇಲೊಂದು,
ಮೆಟ್ಟಿಲ ಕೆಳಗೆ ಕೂತವನು ಗುಂಡು ತುಂಬುವ ಕಟ್ ಕಟ್.
ಸುರತ್ಕಲ್ಲಿನ ಫಯಾಝ್ ಕೇಳುತ್ತಾನೆ,
“ನಿನ್ನ ಕಿವಿ ಎಂತದ್ದು ಮಾರಾಯ್ತಿ, ನಾಯಿಯದ್ದಾ?”
ಅದೇ ಜೋಡಣೆಯಲ್ಲಿ ಹಾಡು ಹಾಕಿದರೆ
ಹಾಡುವವಳು ಡಾಲ್ಡಾ ಡಬ್ಬಿಯೊಳಗೆ ಕೂತಿರುತ್ತಾಳೆ.

ಅಮ್ಮನ ಅಣ್ಣ, ನಮ್ಮ ದೂಮಣ್ಣ ತಮ್ಮಲೆ,
ಇಪ್ಪತ್ತಾರು ವರ್ಷ ಟ್ರಾಲ್ ಬೋಟಿನ ಎಂಜಿನ್ನಿನ ಪಕ್ಕ ದುಡಿದವರು.
ಎಂಜಿನ್ ತನ್ನ ಸದ್ದನ್ನು ಅವರಿಗೆ ಬಿಟ್ಟು
ಉಳಿದವರ ಮಾತನ್ನು ಕೊಂಡುಹೋಯಿತು.
ಸ್ವರಗಳೆಲ್ಲ ಈಗಲೂ ಉಂಟು: ಆ, ಈ, ಊ.
ವ್ಯಂಜನಗಳು ಸಮುದ್ರಪಾಲು.
ಮಾತೆಂದರೆ ಅವರಿಗೆ
ಸಾರಿಲ್ಲ, ಪಲ್ಯವಿಲ್ಲ, ಬರೀ ಅನ್ನ.
ಸಾರು ಚಪ್ಪೆಯಾ ಎಂದು ಅಮ್ಮ ಕೇಳಿದರೆ
ಕಪ್ಪೆಯಾ ಎಂದು ಬಟ್ಟಲಲ್ಲಿ ಹುಡುಕುತ್ತಾರೆ.
ನಾವು ನಗುತ್ತೇವೆ. ಅವರೂ ನಗುತ್ತಾರೆ, ಸ್ವಲ್ಪ ತಡವಾಗಿ.
ಆಮೇಲಾಮೇಲೆ ಎಲ್ಲದಕ್ಕೂ ಹೌದು ಅಂದುಬಿಡುವುದು
ಅಭ್ಯಾಸವಾಯಿತು.
ಊಟ ಆಯಿತಾ? ಹೌದು.
ಯಾವಾಗ ಬಂದದ್ದು? ಹೌದು.

ಮೊನ್ನೆ ಆದಿತ್ಯವಾರ ಅವರ ಫೋನಿನಲ್ಲಿ ಜಾಗ ಮಾಡಲು ಕೂತೆ.
ಬೋಳಾರದ ಕರುಣಾಕರಣ್ಣನ ವಾಯ್ಸ್ ಮೆಸೇಜು,
ಎಂಟು ತಿಂಗಳ ಹಿಂದಿನದ್ದು.
ಅದರ ಕೆಳಗೆ ತಮ್ಮಲೆಯ ಉತ್ತರ, ಒಂದೇ ಸೆಕೆಂಡಿನದ್ದು:
“ಹೌದು.”
ಅಳಿಸಲಾ ಎಂದು ಬೆರಳು ತೋರಿಸಿದೆ.
ಕೈ ಅಡ್ಡ ಇಟ್ಟರು.
ಸರಿ, ಹೆಡ್‌ಫೋನು ಅವರ ತಲೆಗೆ ಹಾಕಿ ಒತ್ತಿದೆ.
ಆಟದ ಜೋಡಣೆ ಬದಲಿಸಲು ಮರೆತಿದ್ದೆ.

ಒಂಬತ್ತು ಸೆಕೆಂಡು.
ತಮ್ಮಲೆಯ ಬೆನ್ನು ನೆಟ್ಟಗಾಯಿತು,
ಮೆಟ್ಟಿಲ ಕೆಳಗೆ ಯಾರೋ ಇದ್ದಾರೆ ಅನ್ನುವ ಹಾಗೆ.
“ಪುನಃ ಹಾಕು.”
ಹಾಕಿದೆ.
“ಸಾಲ,” ಎಂದರು. “ಸಾಲ ಮುಗಿಯಿತು ದೂಮಣ್ಣಾ
ಅನ್ನುವುದು ಅವ. ಬೋಟಿನ ಸಾಲ.”
ಚೂರು ಹೊತ್ತು ಬಿಟ್ಟು,
“ನನಗೆ ಕೇಳಿದ್ದು ಕಾಲ ಮುಗಿಯಿತು ಅಂತ.”

ಎಂಟು ತಿಂಗಳು ಈ ಮನುಷ್ಯ ಫೆರಿ ಹತ್ತದೆ
ಧಕ್ಕೆಗೆ ಬೆನ್ನು ಹಾಕಿ ಕೂತದ್ದು ಯಾಕೆಂದು
ಅಮ್ಮ ಎಷ್ಟೆಲ್ಲ ಊಹಿಸಿದ್ದಳು.
ಒಂದು ಅಕ್ಷರದಷ್ಟು ಸಣ್ಣದನ್ನು
ಊಹಿಸಿರಲಿಲ್ಲ.

ಮೂರನೆಯ ಸಲ ಕೇಳಿ ಹುಬ್ಬು ಗಂಟಿಕ್ಕಿದರು.
“ಎಂಜಿನ್ ಎಲ್ಲಿ?
ಎಂಜಿನ್ ಓಡದೆ ಮಾತಾಡುವ ಜನ ಅಲ್ಲ ಅವ.”
ನಾನೇ ಇಳಿಸಿದ್ದು ತಮ್ಮಲೆ,
ಏರಿಸಿದರೆ ಮಾತು ಮುಳುಗುತ್ತದೆ, ಬೇಡ ಅಲ್ವಾ?
“ಇಲ್ಲ,” ಎಂದರು.
ನಾಲ್ಕು ವರ್ಷದಲ್ಲಿ ನಾನು ಕೇಳಿದ ಮೊದಲ ಇಲ್ಲ.
ಗ್ರೀಸು ಕುಡಿದು ಗಟ್ಟಿಯಾದ ಹೆಬ್ಬೆರಳಿಂದ
ಅರುವತ್ತನಾಲ್ಕರ ಕಡ್ಡಿಯನ್ನು
ಬಂದರು ಬಿಡುವಾಗ ವೇಗ ಕೊಟ್ಟ ಹಾಗೆ
ಒಂದು ಎಳ್ಳಿನಷ್ಟು ಏರಿಸಿದರು.
“ಸಾಕು. ಈಗ ಅವ ನೀರಿನ ಮೇಲೆ ಇದ್ದಾನೆ.”

ಆ ರಾತ್ರಿ ಆಟದಲ್ಲಿ
ಬೆನ್ನ ಹಿಂದೆ ಬಂದವನ ಹೆಜ್ಜೆ ಕೇಳಲಿಲ್ಲ. ಸತ್ತೆ.
ಫಯಾಝ್ ಬೈದ.
ಕಡ್ಡಿ ಅಲ್ಲೇ ನಿಂತಿತ್ತು, ಇಳಿಸಲು ಹೋಗಿ ಬಿಟ್ಟೆ.
ಜಗಲಿಯ ಆಚೆ ತುದಿಯಲ್ಲಿ ತಮ್ಮಲೆ
ಫೋನಿಗೆ ತುಟಿ ತಾಗಿಸಿ
ಇಡೀ ಬೆಂಗ್ರೆಗೆ ಕೇಳುವ ಹಾಗೆ
ಕರುಣಾಕರಣ್ಣನಿಗೆ ಉತ್ತರ ಹೇಳುತ್ತಿದ್ದರು,
ನಿಧಾನಕ್ಕೆ, ಒಂದೊಂದೇ ವ್ಯಂಜನವನ್ನು
ಮೀನಿನ ಮುಳ್ಳು ಬಿಡಿಸಿದ ಹಾಗೆ ಬಿಡಿಸಿ.